ಜೋಡಿ ಬಿದ್ದ ಮೇಲೆ ಕೊನೇ ಮಾತು

ನಾವು ಮೂವರೂ ಅವರನ್ನು ಮೂರು ಬಗೆಯಲ್ಲಿ ಕರೆಯುತ್ತಿದ್ದೆವು. ನನಗೆ ಅವರು ಮಾವ. ತರೀಕೆರೆಯ ಅನ್ವರನಿಗೆ ಚಾಚಾ. ಕಡೂರಿನ ಶೇಖರನಿಗೆ ಗೌಡ್ರು. ಮೂರಕ್ಕೂ ಓಗೊಡುತ್ತಿದ್ದರು, ಕೈಯಲ್ಲಿ ಇಸ್ಪೀಟೆಲೆ ಇದ್ದಾಗ ಮಾತ್ರ ಯಾವುದಕ್ಕೂ ಇಲ್ಲ. ಅಜ್ಜಂಪುರದಲ್ಲಿ ಅವರ ಹೆಸರು ಹೇಳಿದರೆ ಮನೆ ತೋರಿಸದವರಿಲ್ಲ, ಹಾಗಾಗಿ ಇಲ್ಲಿ ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಕೇಳ್ದೆ ನನ್ನನ್ನ ಸಂತೇಲಿ ಕಟ್ಟಿದ್ಯಾ ಡಾಕ್ಟ್ರೇ?" ಎಂದು ಎಲ್ಲಿದ್ದರೂ ಎದ್ದು ಬಂದು ಕೇಳುವ ಆಸಾಮಿ.

ಹೋದ ತಿಂಗಳು ಅವರು ತೀರಿಕೊಂಡರು. ಮಧ್ಯಾಹ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು, ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ನಾವು ಮೂವರೂ ಹೋದೆವು. ಮಣ್ಣು ಮುಗಿಸಿ ಬರುವಾಗ ಬೀರೂರಿನ ಹತ್ತಿರ ಅನ್ವರ್ ಇದ್ದಕ್ಕಿದ್ದಂತೆ ನಕ್ಕ. "ಎಂಟು, ಎಂಟು, ಮೂರು," ಎಂದ. ಅಷ್ಟೇ ಸಾಕಾಯಿತು. ಶೇಖರನೂ ನಾನೂ ಒಟ್ಟಿಗೇ ಮಾತು ಶುರುಮಾಡಿದೆವು. ಕಡೂರು ಬರುವವರೆಗೆ ಮೂವರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಆ ಒಂದು ಇಸ್ಪೀಟಾಟವನ್ನು ಮಾತಿನಲ್ಲೇ ಮತ್ತೆ ಆಡಿದೆವು. ದುಃಖದ ದಿನ ಅಷ್ಟು ಹುರುಪು ಬಂದದ್ದಕ್ಕೆ ನಾಚಿಕೆಯಾಗಲಿಲ್ಲ. ಅವರು ಇದ್ದಿದ್ದರೆ ನಮಗಿಂತ ಜೋರಾಗಿ ಕೂಗುತ್ತಿದ್ದರು.

ಮೊದಲಿಗೆ ಒಂದು ಮಾತು: ನಾನು ಡಾಕ್ಟರಲ್ಲ. ಅಜ್ಜಂಪುರದ ಕಡೆ ದನಕರುಗಳ ಆಸ್ಪತ್ರೆಯಲ್ಲಿ ಪರೀಕ್ಷಕ. ಮನೆ ಕಡೂರಿನಲ್ಲಿ, ದಿನಾ ರೈಲಿಗೋ ಬಸ್ಸಿಗೋ ಓಡಾಟ. ನಾನು ಡಾಕ್ಟರಲ್ಲ ಎಂದು ಮಾವನಿಗೆ ಎಷ್ಟು ಸಲ ಹೇಳಿದರೂ, "ಸೂಜಿ ಚುಚ್ಚೋರೆಲ್ಲ ಡಾಕ್ಟ್ರೇ" ಎನ್ನುತ್ತಿದ್ದರು. ನನಗೆ ದಿನಚರಿ ಬರೆಯುವ ಅಭ್ಯಾಸ. ಯಾವ ಊರಲ್ಲಿ ಎಷ್ಟು ದನಕ್ಕೆ ಲಸಿಕೆ ಹಾಕಿದೆ, ಬೀರೂರಿನಲ್ಲಿ ರೈಲು ಎಷ್ಟು ಹೊತ್ತು ಕಾಯಿಸಿತು, ಯಾವ ಭಾನುವಾರ ಯಾರು ಗೆದ್ದರು, ಎಲ್ಲಕ್ಕೂ ತಾರೀಖು ಹಾಕಿ ಗೆರೆ ಎಳೆದಿಡುತ್ತೇನೆ. ಮಾವ ಅದನ್ನು ನೋಡಿ, "ನಾನು ಜೀವಮಾನ ಪೂರಾ ಬೆರಳಲ್ಲೇ ಲೆಕ್ಕ ಮುಗಿಸ್ದೆ. ನಿಂಗೆ ಪೆನ್ನು ಬೇಕು," ಎಂದು ಮೂಗಿಗೆ ನಶ್ಯ ಏರಿಸಿದ್ದರು.

ಬೆರಳಿನ ಲೆಕ್ಕ ಎಂದದ್ದು ಸುಮ್ಮನಲ್ಲ. ಅವರು ದನದ ದಲ್ಲಾಳಿ. ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಟವೆಲ್ಲಿನ ಕೆಳಗೆ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವುದು ದನದ ಸಂತೆಯ ಪದ್ಧತಿ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಉಳುವ ಕೆಲಸ ಟ್ರ್ಯಾಕ್ಟರಿಗೆ ಹೋದಮೇಲೆ ಅವರ ವ್ಯಾಪಾರ ಇಳಿಯಿತು. ಟವೆಲ್ ಮಾತ್ರ ಹೆಗಲಿನಿಂದ ಇಳಿಯಲಿಲ್ಲ.

ಅವರ ಮನೆ ನಮ್ಮ ಆಸ್ಪತ್ರೆಯ ಎದುರಿಗೆ. ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆ. ಒಂದು ಭಾನುವಾರ ಕಾಲುಬಾಯಿ ಜ್ವರದ ಲಸಿಕೆಗೆಂದು ನನಗೆ ಕೆಲಸವಿತ್ತು. ಕಾಲೇಜಿನಿಂದ ಗೆಳೆಯರಾದ ಅನ್ವರ್ ಮತ್ತು ಶೇಖರ್ ನನ್ನನ್ನು ನೋಡಲು ಅಲ್ಲಿಗೇ ಬಂದಿದ್ದರು. ಅನ್ವರನಿಗೆ ತರೀಕೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಶೇಖರನಿಗೆ ಕಡೂರಿನ ಹತ್ತಿರ ತೆಂಗಿನ ತೋಟ. ಹಾಸ್ಟೆಲಿನಲ್ಲಿ ಕಲಿತ ಪೋಕರನ್ನು ಜಗಲಿಯ ಮೇಲೆ ಹುಣಸೆ ಬೀಜ ಇಟ್ಟು ಆಡುತ್ತಿದ್ದೆವು. ಮಾವ ಬಾಗಿಲಿಗೆ ಒರಗಿ ನೋಡಿದರು.

"ಎಂಥದ್ರೋ ಅದು ಹೊಸಾ ಇಸ್ಪೀಟು?"

ಹೇಳಿದೆ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡೆರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು ತೆರೆಯುತ್ತಾರೆ. ಕೈಯಲ್ಲಿರುವುದು, ನೆಲದಲ್ಲಿರುವುದು ಸೇರಿಸಿ ಯಾರದು ಒಳ್ಳೆಯ ಐದೋ ಅವರು ಗೆದ್ದರು. ಎಲೆ ಹಂಚಿದಾಗಲೂ ಪ್ರತಿ ಸಲ ತೆರೆದ ಮೇಲೂ ಸರದಿಯಂತೆ ಬಾಜಿ ಕಟ್ಟಬಹುದು. ನೆಲ ತಟ್ಟಿ ಸುಮ್ಮನಿರಬಹುದು. ಇನ್ನೊಬ್ಬರು ಕಟ್ಟಿದಷ್ಟೇ ಇಟ್ಟು ಜೊತೆಗೆ ಹೋಗಬಹುದು. ಬೇಡವೆಂದರೆ ಎಲೆ ಎಸೆದು ಬಿಡಬಹುದು. ಎಲೆ ಹಂಚಿದವನದು ಕೊನೇ ಸರದಿ.

ಅವರು ಇನ್ನೇನನ್ನೂ ಕೇಳಲಿಲ್ಲ. "ಹಂಚಿದೋನು ಕೊನೇಗೆ ಮಾತಾಡ್ತಾನಾ? ಪ್ರತಿ ಸಲಾನೂ?"

"ಹೌದು ಮಾವ."

"ಹಂಗಾದ್ರೆ ಇದು ಇಸ್ಪೀಟಲ್ಲ ಕಣಪ್ಪಾ. ಇದು ದನದ ಯಾಪಾರ. ಸರ್ಕೊಳ್ರೋ!" ಎಂದು ಪಂಚೆ ಎತ್ತಿ ಕಟ್ಟಿ ನಮ್ಮ ನಡುವೆ ಕೂತೇಬಿಟ್ಟರು.

ಅಲ್ಲಿಂದ ಭಾನುವಾರದ ಆಟ ಕಟ್ಟಳೆಯಾಯಿತು. ನಾನು ಸರ್ಕಾರಿ ನೌಕರ, ದುಡ್ಡಿನಾಟಕ್ಕೆ ಬರುವುದಿಲ್ಲ ಎಂದೆ. ಶೇಖರ ಕರಟ ಕೊರೆದು ಬಿಲ್ಲೆ ಮಾಡಿದ. ಅನ್ವರ್ ಕೆಲವು ಬಿಲ್ಲೆಗೆ ತೂತು ಹಾಕಿ ತಾಮ್ರದ ತಂತಿ ಸುತ್ತಿದ; ಅವು ದೊಡ್ಡ ಬಿಲ್ಲೆ. ಮಾವನ ಹೆಂಡತಿಯನ್ನು ನಾವು ಅತ್ತೆ ಎನ್ನುತ್ತಿದ್ದೆವು. ಅವರು ಚಕ್ಕುಲಿ ತಟ್ಟೆ ತಂದಿಟ್ಟು, "ದನ ಬಿಟ್ರು, ಎಲೆ ಹಿಡಿದ್ರು. ಒಟ್ನಲ್ಲಿ ಮನೇಲಿ ಮೇಯೋದಂತೂ ತಪ್ಪಲಿಲ್ಲ," ಎಂದು ಒಳಗೆ ಹೋಗುತ್ತಿದ್ದರು. ಚಕ್ಕುಲಿ ಮುಕ್ಕಾಲು ಪಾಲು ಮಾವನೇ ತಿನ್ನುತ್ತಿದ್ದರು. "ಸಿಟ್ಟು ಬಂದಾಗ ಹಲ್ಲಿಗೆ ಕೆಲ್ಸ ಕೊಡ್ಬೇಕು, ಇಲ್ದಿದ್ರೆ ಮುಖದಲ್ಲಿ ಕಾಣುತ್ತೆ" ಎಂಬುದು ಅದಕ್ಕೆ ಅವರು ಕೊಡುತ್ತಿದ್ದ ಕಾರಣ.

ಅವರು ದೊಡ್ಡ ಬಡಾಯಿಕೋರರು. ಒಮ್ಮೆ ಒಂದೇ ಜೋಡಿ ಎತ್ತನ್ನು ಅಣ್ಣನಿಗೂ ತಮ್ಮನಿಗೂ ಮಾರಿ ಇಬ್ಬರಿಂದಲೂ ಊಟ ಹಾಕಿಸಿಕೊಂಡೆ ಎನ್ನುತ್ತಿದ್ದರು. ಅಣ್ಣತಮ್ಮಂದಿರ ಊರು ಕೇಳಿದರೆ ಒಂದು ಸಲ ಲಿಂಗದಹಳ್ಳಿ, ಇನ್ನೊಂದು ಸಲ ಹೆಬ್ಬೆ. ನಾನು ದಿನಚರಿ ತೆಗೆದು, "ಮಾವ, ಹೋದ ಸಲ ಬೇರೆ ಹೇಳಿದ್ರಿ," ಎಂದರೆ, "ಆಮೇಲೆ ಅವರು ಊರು ಬಿಟ್ರು ಕಣೋ. ನಾಚ್ಕೆಗೆ!" ಎಂದು ತಕ್ಷಣ ಉತ್ತರ. ಗೆದ್ದಾಗ ಬಿಲ್ಲೆಗಳನ್ನು ಎರಡೂ ಕೈಯಿಂದ ತಮ್ಮ ಕಡೆ ಎಳೆದುಕೊಳ್ಳುತ್ತಾ ಬಂಡಿ ಹೊಡೆಯುವವರಂತೆ "ಹೋ ಹೋ ಹೋಯ್!" ಎಂದು ಕೂಗುತ್ತಿದ್ದರು. ಎದುರಿನ ಆಸ್ಪತ್ರೆಯ ಹಿತ್ತಿಲಲ್ಲಿ ಕಟ್ಟಿದ ದನಗಳು ಆ ಕೂಗಿಗೆ ಎದ್ದು ನಿಲ್ಲುತ್ತಿದ್ದವು.

ಆಟದ ಒಂದು ಪಟ್ಟನ್ನು ಅವರು ಕಂಡುಕೊಂಡ ಮಧ್ಯಾಹ್ನವನ್ನು ಹೇಳಲೇಬೇಕು. ನೆಲದ ಮೇಲೆ ಏಳು, ಏಳು, ಎರಡು ಬಿದ್ದಿತ್ತು. ಅನ್ವರನೂ ನಾನೂ ಆಗಲೇ ಎಲೆ ಎಸೆದಿದ್ದೆವು. ಶೇಖರ ನೆಲ ತಟ್ಟಿದ. ಹಂಚಿದವರು ಮಾವ. ಎರಡು ಸಣ್ಣ ಬಿಲ್ಲೆಗಳನ್ನು ಬೆರಳ ತುದಿಯಿಂದ ಮುಂದೆ ನೂಕಿದರು, ಕರುವನ್ನು ಹಟ್ಟಿಗೆ ನೂಕುವ ಹಾಗೆ. ಶೇಖರ ಬಹಳ ಹೊತ್ತು ಏಳುಗಳನ್ನು ದಿಟ್ಟಿಸಿ ಎಲೆ ಎಸೆದ. ಮಾವ ತಮ್ಮ ಎಲೆ ತೋರಿಸಿದರು: ರಾಜ, ರಾಣಿ. ನೆಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

"ಏನೂ ಇಲ್ದೇ ಕಟ್ಟಿದ್ರಾ ಗೌಡ್ರೇ!" ಶೇಖರ ಎದ್ದೇ ನಿಂತ. "ನನ್ ಹತ್ರ ಎಕ್ಕ ಇತ್ತು!"

"ಎಕ್ಕ ಇಟ್ಕೊಂಡು ಯಾಕೋ ಓಡೋದೆ?"

"ಏಳು ಇದೆ ಅಂದ್ಕೊಂಡೆ ನಿಮ್ಮತ್ರ."

ಆಗ ಅವರು ಹೇಳಿದ್ದನ್ನು ಆ ದಿನವೇ ಬರೆದುಕೊಂಡಿದ್ದೇನೆ. "ಸಂತೆಗೆ ಒಂದು ಒಳ್ಳೇ ಜೋಡಿ ಎತ್ತು ಬಂತು ಅನ್ಕೋ. ಎಲ್ರ ಕಣ್ಣೂ ಅದ್ರ ಮೇಲೇ. ಎಲ್ರೂ ಏನಂದ್ಕೋತಾರೆ? ಇದಕ್ಕೆ ಸರಿಯಾದ ಮೂರನೇದು ಅವನ ಹಟ್ಟೀಲಿದೆ, ಇವನ ಹಟ್ಟೀಲಿದೆ ಅಂತ. ನಿಜ ಹೇಳ್ಬೇಕಂದ್ರೆ ಯಾರ ಹಟ್ಟೀಲೂ ಇರಲ್ಲ ಕಣೋ. ಏಳು ಇರೋದೇ ನಾಕು. ಎರಡು ಎಲ್ರ ಮುಂದೆ ಬಿದ್ದೈತೆ. ಉಳಿದಿದ್ದು ಎರಡು. ಜೋಡಿ ಬಿದ್ದಾಗ ಯಾರಿಗೂ ಏನೂ ಸಿಕ್ಕಿರಲ್ಲ, ಎಲ್ರೂ ಹೆದರಿರ್ತಾರೆ. ಮೊದ್ಲು ಬೆರಳು ಒತ್ತೋನು ಬೆಪ್ಪ. ಆಗ ಕೊನೇಗೆ ಮಾತಾಡೋನು ಮೆತ್ತಗೆ ಒಂದ್ ಬೆಲೆ ಕೇಳ್ಬೇಕು. ಜಾಸ್ತಿ ಬ್ಯಾಡ. ಮೆತ್ತಗೆ."

"ಅವನು ಓಡದೆ ಜೊತೆಗೆ ಬಂದ್ರೆ?" ನಾನು ಕೇಳಿದೆ.

"ಅದಕ್ಕೇ ಕೈಯಲ್ಲಿ ಮೇಲಿನ ಎಲೆ ಇರ್ಬೇಕು ಅನ್ನೋದು. ನೆಲದ್ದು ಏಳು, ನಂದು ರಾಜ-ರಾಣಿ. ಎರಡೂ ಅದಕ್ಕಿಂತ ಮೇಲಿಂದು. ಇದು ಕಡಸು ಇದ್ದಂಗೆ. ಇವತ್ತು ಹಾಲಿಲ್ಲ. ನಾಳೆ ಇನ್ನೊಂದು ರಾಜ ಬಿತ್ತು ಅನ್ಕೋ, ಕರ ಹಾಕ್ತು, ಹಾಲಾಯ್ತು! ಬರೀ ಬಡಾಯಿ ಮೇಲೆ ಯಾಪಾರ ಮಾಡ್ಬಾರ್ದು. ಬಡಾಯಿ ಜೊತೆಗೆ ಒಂದ್ ಕಡಸೂ ಇರ್ಬೇಕು."

ಹಾಸ್ಟೆಲಿನಲ್ಲಿ ನಾವು ಎರಡು ವರ್ಷ ಆಡಿದ್ದೆವು. ನೆಲಕ್ಕೆ ಜೋಡಿ ಬಿದ್ದರೆ ಕೈಗೆ ಸಿಕ್ಕದ್ದನ್ನು ಎಸೆದು ಕೂರುವುದೇ ನಮ್ಮ ಪದ್ಧತಿಯಾಗಿತ್ತು. ಆ ದಿನದಿಂದ ಜೋಡಿ ಬಿದ್ದಾಗಲೆಲ್ಲ ನಾಲ್ವರೂ ಮುಂದಕ್ಕೆ ಬಾಗುತ್ತಿದ್ದೆವು. ನಾನು ದಿನಚರಿಯಲ್ಲಿ ಹೊಸದಾಗಿ ಎರಡು ಸಾಲು ಹಾಕಿದೆ: ಜೋಡಿ ಬಿದ್ದಾಗ ಮೊದಲು ಕಟ್ಟಿದವನು, ಕೊನೆಗೆ ಕಟ್ಟಿದವನು. ಗೆದ್ದ ಗೆರೆಗಳು ಎರಡನೇ ಸಾಲಿನಲ್ಲಿ ಹುಲ್ಲಿನ ಹಾಗೆ ಬೆಳೆದವು.

ತಮ್ಮ ಪಟ್ಟಿಗೆ ಅವರೇ ಬಿದ್ದದ್ದೂ ಉಂಟು. ಅದು ಎಲ್ಲರಿಗೂ ಗೊತ್ತಾದಮೇಲೂ ಮಾವನಿಗೆ ಅದರ ಚಪಲ. ಒಂದು ಸಲ ಐದು, ಐದು, ಒಂಬತ್ತು ಬಿತ್ತು. ಅನ್ವರ್ ತಟ್ಟಿದ. ಮಾವ ಮೆತ್ತಗೆ ಕಟ್ಟಿದರು. ಅನ್ವರ್ ಆಕಳಿಸುತ್ತಾ ಅಷ್ಟೇ ಇಟ್ಟ. ನಾಲ್ಕನೇ ಎಲೆ ಬಿತ್ತು. ಅನ್ವರ್ ತಟ್ಟಿದ. ಮಾವ ಜೋರಾಗಿ ಕಟ್ಟಿದರು. ಅನ್ವರ್ ಮತ್ತೆ ಆಕಳಿಸಿದ, ಮತ್ತೆ ಇಟ್ಟ. ಕೊನೆಗೆ ಮಾವ ತಮ್ಮ ಮುಂದಿದ್ದ ಅಷ್ಟೂ ಬಿಲ್ಲೆ ನೂಕಿದರು. ಅನ್ವರ್ ಆಕಳಿಕೆ ನಿಲ್ಲಿಸಿ ಮೂರನೇ ಐದನ್ನು ಜಗಲಿಯ ಮೇಲೆ ಇಟ್ಟ.

"ಚಾಚಾ, ನನ್ ಹಟ್ಟೀಲಿ ಇತ್ತು," ಎಂದ.

ಮಾವ ಕೆಂಪಾದರು. ಒಂದಿಡೀ ಚಕ್ಕುಲಿ ಬಾಯಿಗಿಟ್ಟು ಕಟಕಟ ಕಡಿದು, ನುಂಗಿ, ಆಮೇಲೆ ಹೇಳಿದರು: "ತಪ್ಪು ನಂದೇ. ಸುಮ್ನೆ ನಿಂತ ಎತ್ತು ಹಾಯುತ್ತೆ. ಒಂದ್ ಸಲ ಕೇಳಿದ್ ಮೇಲೆ ಅವನು ಕದಲ್ಲಿಲ್ಲ ಅಂದ್ರೆ, ಕೈ ತಗೀಬೇಕು. ಬರ್ಕೊಳೋ ಡಾಕ್ಟ್ರೇ, ಇದೂ ಬರ್ಕೋ."

ಕೈಯಲ್ಲಿ ಎಲೆ ಇದ್ದಾಗ ಓಗೊಡುತ್ತಿರಲಿಲ್ಲ ಎಂದೆನಲ್ಲ, ಒಂದು ಸಲ ಮಾತ್ರ ಓಗೊಟ್ಟರು. ಆಟದ ನಡುವೆ ಒಬ್ಬ ಹೆಂಗಸು ಓಡುತ್ತಾ ಬಂದಳು. ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿದೆ, ಬೆಳಗಿನಿಂದ ಒದ್ದಾಡುತ್ತಿದೆ ಎಂದಳು. ದೊಡ್ಡ ಡಾಕ್ಟರು ಬರುವ ದಾರಿಯಲ್ಲಿದ್ದರು. ನಾನು ಚೀಲ ಹಿಡಿದು ಎದ್ದೆ. ಮಾವ ತಮ್ಮ ಎರಡು ಎಲೆಗಳನ್ನು ಬೋರಲಾಗಿ ಇಟ್ಟು ನನ್ನ ಹಿಂದೆಯೇ ಬಂದರು. ಹಸುವಿನ ತಲೆಯನ್ನು ಎದೆಗೆ ಒತ್ತಿ ಹಿಡಿದು, ಅದರ ಕಿವಿಯಲ್ಲಿ ಏನೇನೋ ಹೇಳುತ್ತಾ ನಿಂತರು. ಡಾಕ್ಟರು ಬಂದು ಕರುವನ್ನು ಹೊರಗೆಳೆಯುವವರೆಗೂ ಕದಲಲಿಲ್ಲ. ಕರು ಎದ್ದು ತೂರಾಡಿದಾಗ ಆ ಹೆಂಗಸಿಗಿಂತ ಮೊದಲು ಕುಣಿದವರು ಇವರು. ವಾಪಸು ಬರುವಷ್ಟರಲ್ಲಿ ಅನ್ವರ್ ಎಲೆಗಳನ್ನು ಕಲಸಿಬಿಟ್ಟಿದ್ದ. ಮಾವ ಜಗಲಿಯ ಕಂಬ ಹಿಡಿದು ಕೂಗಿದರು: "ಎರಡು ಎಕ್ಕ ಇತ್ತಲ್ರೋ! ಎರಡೂ ಎಕ್ಕ! ಹಾಳಾದೋನೇ, ಎರಡೂ!" ಆ ಕರುವಿಗೆ ಎಕ್ಕ ಎಂದೇ ಹೆಸರಾಯಿತು.

ಆಟಕ್ಕೆ ಒಂದೇ ಊರು ಸಾಕಾಗಲಿಲ್ಲ. ಅನ್ವರನ ಅಂಗಡಿಯ ಮಹಡಿ, ನಮ್ಮ ಮನೆ, ಶೇಖರನ ತೋಟ ಎಲ್ಲರಿಗೂ ಬೇಕು. ಹಾಗಾಗಿ ಒಂದು ಕಟ್ಟಳೆ ಮಾಡಿಕೊಂಡೆವು. ಯುಗಾದಿಯ ಮಾರನೆ ದಿನ, ವರ್ಷತೊಡಕಿಗೆ, ಒಬ್ಬರ ಹತ್ತಿರವೇ ಎಲ್ಲ ಬಿಲ್ಲೆಗಳೂ ಸೇರುವವರೆಗೆ ಆಡುವುದು. ಗೆದ್ದವನು ಮುಂದಿನ ಯುಗಾದಿಯವರೆಗೆ ಆಟವನ್ನು ತನ್ನ ಊರಿಗೆ ಒಯ್ಯಬೇಕು. ಬೇರೆಯವರಿಗೆ ಬಿಟ್ಟುಕೊಡುವ ಹಾಗಿಲ್ಲ. ಕಟ್ಟಳೆ ಹೇಳಿದವರು ಮಾವನೇ.

ಅದೇ ಕಟ್ಟಳೆ ಅವರ ಕೊರಳಿಗೆ ಬಂತು. ಆಟ ಅಜ್ಜಂಪುರದಲ್ಲೇ ಇದ್ದ ವರ್ಷ, ಮಳೆಗಾಲದಲ್ಲಿ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ನಡೆಯಬಹುದು, ನಿಲ್ಲಬಹುದು, ಸೊಂಟ ಮಡಿಸಿ ತಗ್ಗಿನಲ್ಲಿ ಕೂರಬಾರದು ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದರು. ಮನೆಯಲ್ಲಿ ಎತ್ತರದ ಕುರ್ಚಿ ಹಾಕಿಕೊಂಡರು. ಆದರೆ ಬಸ್ಸಿನ ಸೀಟು, ಆಟೋ, ಕಾರು ಯಾವುದೂ ಆಗದು; ರೈಲಿನ ಎತ್ತರದ ಮೆಟ್ಟಿಲು ಹತ್ತಲೂ ಆಗದು. ಅಂದರೆ ಆಟ ಅಜ್ಜಂಪುರ ಬಿಟ್ಟು ಹೊರಟರೆ, ಅವರ ಪಾಲಿಗೆ ಆಟ ಮುಗಿಯಿತು.

ನಾವು ಮೂವರೂ ಮಾತಾಡಿಕೊಂಡು, ಆಟ ಇನ್ನು ಶಾಶ್ವತವಾಗಿ ಅಜ್ಜಂಪುರದಲ್ಲೇ ಇರಲಿ ಎಂದು ಹೇಳಲು ಹೋದೆವು. ಶೇಖರನ ಬಾಯಿಂದ ಮಾತು ಪೂರ್ತಿ ಹೊರಡಲಿಲ್ಲ.

"ಏನ್ರೋ, ಕುಂಟೆತ್ತಿಗೆ ಹುಲ್ಲು ಹಾಕಕ್ಕೆ ಬಂದ್ರಾ?"

"ಅಯ್ಯೋ ಹಂಗಲ್ಲ ಗೌಡ್ರೇ..."

"ಹಂಗೇ! ಗೆದ್ದು ಇಲ್ಲೇ ಉಳಿಸ್ಕೋತೀನಿ. ಸೋತ್ರೆ ನೀವು ತಗೊಂಡೋಗಿ. ಒಂದ್ ಮಾತು ಕೇಳ್ಕೊಳಿ ಮೂರೂ ಜನ. ಯಾರಾದ್ರೂ ಬೇಕೂಂತ ನಂಗೆ ಸೋತಿರಾ, ನನ್ ಕಣ್ಣಿಗೆ ಕಾಣುತ್ತೆ. ಆವತ್ತಿಂದ ನಾನು ಎಲೆ ಮುಟ್ಟಲ್ಲ."

ಒಳಗಿನಿಂದ ಅತ್ತೆ, "ಮುಟ್ಟದಿದ್ರೆ ಇನ್ನೇನ್ ಮಾಡ್ತಾರೆ? ನನ್ ತಲೆ ತಿಂತಾರೆ. ನಿಮ್ ದಮ್ಮಯ್ಯ, ಸರಿಯಾಗಿ ಆಡ್ರಪ್ಪಾ," ಎಂದರು.

ವರ್ಷತೊಡಕಿನ ದಿನ ಅನ್ವರ್ ತರೀಕೆರೆಯಿಂದ ಮಟನ್ ತಂದ. ಒಳಗೆ ಸಾರು ಕುದಿಯುತ್ತಿತ್ತು. ಜಗಲಿಯಲ್ಲಿ ಮೇಜು, ಮಾವನ ಎತ್ತರದ ಕುರ್ಚಿ, ನಮ್ಮ ಮೂರು ಸ್ಟೂಲು. ಬೆಳಗಿನಿಂದಲೂ ನಮ್ಮಲ್ಲಿ ಯಾರ ಮುಖದಲ್ಲೂ ನಗೆಯಿರಲಿಲ್ಲ. ಗೆಲ್ಲಲೂ ಭಯ, ಸೋಲಲೂ ಭಯ. ಮಾವನೊಬ್ಬರೇ ಹಬ್ಬದ ಬಟ್ಟೆಯಲ್ಲಿ ಹುಡುಗನ ಹಾಗೆ ಮಿಂಚುತ್ತಿದ್ದರು. ಶೇಖರ ಮೊದಲು ಬರಿಗೈಯಾದ. ಊಟದ ಹೊತ್ತಿಗೆ ಅನ್ವರನ ಕೊನೆಯ ತಾಮ್ರದ ಬಿಲ್ಲೆಯನ್ನೂ ಮಾವ ಎಳೆದುಕೊಂಡು "ಹೋ ಹೋ ಹೋಯ್!" ಎಂದರು.

"ನನ್ ವೈಂಡಿಂಗ್ ಸುಟ್ಟೋಯ್ತು ಚಾಚಾ," ಎಂದು ಅನ್ವರ್ ಎದ್ದ. ಎದ್ದವನು ಹೋಗಲಿಲ್ಲ. ನನ್ನ ಬೆನ್ನ ಹಿಂದೆ ನಿಂತ.

ಉಳಿದದ್ದು ಮಾವ ಮತ್ತು ನಾನು. ಎಣಿಸಿದರೆ ಇಬ್ಬರ ಬಿಲ್ಲೆಗಳೂ ಸರಿಸಮ. ಹಂಚುವ ಸರದಿ ನನ್ನದು. ನನಗೆ ಎಕ್ಕ, ರಾಣಿ ಬಂತು. ಮಾವ ತಟ್ಟಿದರು, ನೆಲದ ಎಲೆ ತೆರೆಯುವ ಮೊದಲೇ ನಾನು ಒಂದಿಷ್ಟು ಕಟ್ಟಿದೆ. ಮಾವ ಅಷ್ಟೇ ಇಟ್ಟರು. ಮೂರು ಎಲೆ ತೆರೆದೆ.

ಎಂಟು. ಎಂಟು. ಮೂರು.

ಅನ್ವರ್ ನನ್ನ ಹೆಗಲ ಮೇಲಿಂದ ಮುಂದಕ್ಕೆ ಬಾಗಿದ. ಜೋಡಿ ಬಿದ್ದ ನೆಲ. ನನ್ನ ಕೈಯಲ್ಲಿ ಮೇಲಿನ ಎರಡೂ ಎಲೆ. ಕೊನೇ ಮಾತು ನನ್ನದು. ಅವರು ನಮಗೆ ಕಲಿಸಿದ ಪಾಠದ ಜಾಗವೇ ಇದು! ಮಾವ ಮೇಜು ತಟ್ಟಿ ನನ್ನ ಮುಖ ನೋಡಿದರು.

ಇಲ್ಲಿ ನಾನು ಕಟ್ಟಬೇಕು. ಕಟ್ಟಿದರೆ ಬಹುಶಃ ಅವರು ಎಸೆಯುತ್ತಾರೆ, ಅವರ ಬಿಲ್ಲೆ ಕರಗುತ್ತವೆ, ಆಟ ಕಡೂರಿಗೆ ಹತ್ತಿರವಾಗುತ್ತದೆ. ಕಟ್ಟದೆ ತಟ್ಟಿದರೆ ಅದು ಹುಲ್ಲು ಹಾಕಿದ ಹಾಗೆ, ಅದು ಅವರಿಗೆ ಕಂಡೇ ಕಾಣುತ್ತದೆ. ಒಂದು ತಾಮ್ರದ ಬಿಲ್ಲೆಯನ್ನು ಮೆತ್ತಗೆ ಮುಂದೆ ನೂಕಿದೆ.

ಮಾವನ ಮೀಸೆ ಅಲುಗಿತು. ಎಸೆಯಲಿಲ್ಲ. ಒಂದು ಬಿಲ್ಲೆ ಇಟ್ಟು ಜೊತೆಗೆ ಬಂದರು.

ನಾಲ್ಕನೇ ಎಲೆ: ಐದು. ಮಾವ ತಟ್ಟಿದರು. ನಾನೂ ತಟ್ಟಿದೆ.

ಕುರ್ಚಿ ಕಿರುಗುಟ್ಟಿತು. "ಯಾಕೋ ತಟ್ಟಿದೆ? ಕರುಣೆನಾ?"

"ಅಲ್ಲ ಮಾವ. ಹೆದರಿಕೆ. ಸುಮ್ನೆ ನಿಂತ ಎತ್ತು ಹಾಯುತ್ತೆ ಅಂದೋರು ನೀವೇ."

ಕಣ್ಣು ಕಿರಿದು ಮಾಡಿ ನನ್ನನ್ನು ತೂಗಿ ನೋಡಿದರು. "ಹೆದರಿಕೆ ಆದ್ರೆ ಸರಿ. ತಗಿ."

ಕೊನೇ ಎಲೆ ತೆರೆದೆ. ರಾಣಿ! ನನ್ನ ಕಡಸು ಕರು ಹಾಕಿತ್ತು. ನನ್ನ ಎಲೆ ಇಣುಕಿದ್ದ ಶೇಖರ "ಅಪ್ಪಾ ದೇವ್ರೇ" ಎಂದು ಗೊಣಗಿ ಬಾಯಿ ಮುಚ್ಚಿಕೊಂಡ. ಎಕ್ಕ-ರಾಣಿ ಇದ್ದವನ ಮುಖ ಹೇಗಿರಬೇಕೋ ಹಾಗಿರದಂತೆ ಮಾಡಲು ನಾನು ಚಕ್ಕುಲಿಗೆ ಕೈ ಹಾಕಿದೆ. ತಟ್ಟೆ ಖಾಲಿ.

ಮಾವ ಹೆಗಲಿನ ಟವೆಲ್ ತೆಗೆದು ಮೇಜಿನ ಮೇಲೆ ಹರಡಿದರು. "ಕೈ ಕೊಡು."

ಇಬ್ಬರೇ ಉಳಿದಾಗ ಬಾಜಿಯನ್ನು ಟವೆಲ್ಲಿನ ಕೆಳಗೆ ಹೇಳುವುದು ಅವರು ನಮ್ಮ ಆಟಕ್ಕೆ ತಂದ ಚಾಳಿ. ಕೈ ಕೊಟ್ಟೆ. ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಅಂಗೈ ಸಮೇತ ಒತ್ತಿದರು. ಪೂರಾ! ಇರುವುದೆಲ್ಲ! ನಾನೂ ಅಷ್ಟನ್ನೂ ಇಟ್ಟು ಸೋತರೆ ಆಟ ಇಲ್ಲೇ ಉಳಿಯಿತು. ಗೆದ್ದರೆ ಕಡೂರು. ಎಲೆ ಎಸೆದರೆ ಇನ್ನೂ ಆಡುತ್ತಲೇ ಇರಬಹುದು.

ಅವರಲ್ಲಿ ಮೂರನೇ ಎಂಟು ಇದೆಯೇ? ನನ್ನ ಬೆರಳು ತಾನಾಗಿಯೇ ಅವರ ಮಣಿಕಟ್ಟಿಗೆ ಸರಿಯಿತು. ದಿನವಿಡೀ ದನದ ನಾಡಿ ಹಿಡಿಯುವ ಬೆರಳು. ಓಡುವ ಕುದುರೆಯ ಹಾಗೆ ನಾಡಿ ಹಾರುತ್ತಿತ್ತು.

"ಏಯ್! ನಾಡಿ ನೋಡ್ತೀಯೇನೋ? ನಾನೇನು ಎಮ್ಮೆನಾ?"

"ಎಮ್ಮೆ ಆಗಿದ್ರೆ ಬಾಲದ ಬುಡದಲ್ಲಿ ನೋಡ್ತಿದ್ದೆ ಮಾವ."

ಜಗಲಿಯೆಲ್ಲ ಸಿಡಿದು ನಕ್ಕಿತು. ಬಾಗಿಲಲ್ಲಿ ಸೌಟು ಹಿಡಿದು ನಿಂತ ಅತ್ತೆಯೂ ನಕ್ಕರು. ಮಾವ ನಗಲಿಲ್ಲ, ಕೈಯನ್ನೂ ಬಿಡಲಿಲ್ಲ. ನಾಡಿಯಿಂದ ಏನೂ ತಿಳಿಯಲಿಲ್ಲ. ನನ್ನದೂ ಹಾಗೆಯೇ ಹಾರುತ್ತಿತ್ತು. ಮತ್ತೆ ನೆಲ ನೋಡಿದೆ. ಎಂಟು ಇರುವುದೇ ನಾಲ್ಕು. ಎರಡು ಎಲ್ಲರ ಮುಂದೆ ಬಿದ್ದಿವೆ. ಎಲ್ಲರೂ ಹೆದರುತ್ತಾರೆ, ಯಾರ ಹಟ್ಟಿಯಲ್ಲೂ ಇರುವುದಿಲ್ಲ. ನಾನು ಅವರ ಶಿಷ್ಯನೇ ಆಗಿದ್ದರೆ ಈಗ ಓಡಬಾರದು. ಕಣ್ಣು ಮುಚ್ಚಿ, ಅವರ ಐದೂ ಬೆರಳನ್ನು ಅಷ್ಟೇ ಗಟ್ಟಿಯಾಗಿ ಒತ್ತಿದೆ.

ಟವೆಲ್ ಸರಿಸಿದರು. ಎಲೆ ತಿರುವಿದರು.

ರಾಜ. ಗುಲಾಮ.

ಎಂಟು ಇರಲಿಲ್ಲ. ಏನೂ ಇರಲಿಲ್ಲ. ಮೊದಲು ಮಾತಾಡಬೇಕಾದ ಜಾಗದಲ್ಲಿ ಕೂತು, ಬರೀ ಮೇಲಿನ ಎರಡು ಎಲೆ ಹಿಡಿದು, ಕಡೆಯವರೆಗೂ ಬಂದಿದ್ದರು. ನಮಗೆ ಮಾಡಬೇಡಿ ಎಂದು ವರ್ಷವೆಲ್ಲ ಬೈದದ್ದನ್ನೇ ಮಾಡಿದ್ದರು.

ನಾನು ನನ್ನ ರಾಣಿಯನ್ನು ತೋರಿಸಿದೆ. ಮಾವ ಎರಡೂ ಕೈಯಿಂದ ಮೇಜು ಗುದ್ದಿದರು. ಅಷ್ಟೂ ಬಿಲ್ಲೆಗಳು ಎಗರಿದವು.

"ಭಲೇ! ಭಲೇ ನನ್ ಮಗನೇ! ಓಡ್ಲಿಲ್ವಲ್ಲೋ! ಮೊದ್ಲು ಬೆರಳು ಒತ್ತೋನು ಬೆಪ್ಪ ಅಂದೋನೂ ನಾನೇ, ಒತ್ತಿದೋನೂ ನಾನೇ! ಲೇ ಅನ್ವರಾ, ನೋಡ್ದೇನೋ? ನೆಲ ನೋಡಿ ಇಟ್ಟ ಕಣೋ ಇವ್ನು, ನನ್ ಮುಖ ನೋಡಿ ಅಲ್ಲ!"

"ಮತ್ಯಾಕೆ ಚಾಚಾ ಹಂಗೆ ಆಡಿದ್ರಿ?" ಅನ್ವರನ ದನಿ ಅಳುವ ಹಾಗಿತ್ತು.

"ರಾಜ ಬರುತ್ತೆ ಅನ್ನಿಸ್ತು ಕಣೋ," ಎಂದರು ಮಾವ. ಆಮೇಲೆ ದನಿ ತಗ್ಗಿಸಿ, "ಬಾಳ ಆಸೆ ಆಗ್ಬಿಟ್ಟಿತ್ತು."

ಶೇಖರ ತಡೆಯಲಾರದೆ, "ಕಟ್ಟಳೆ ಬದಲಾಯಿಸೋಣ ಗೌಡ್ರೇ," ಎಂದ.

"ಬದಲಾಯಿಸಿದ್ರೆ ಇವ್ನು ಗೆದ್ದಿದ್ದು ಸುಳ್ಳಾಗುತ್ತೆ. ನಡೀರಿ, ಊಟ ಆರ್ತೈತೆ."

ಅವರು ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ನಾನು ಅರ್ಧಕ್ಕೇ ಕೈ ತೊಳೆದೆ. ಗೆದ್ದವನ ಹೆಸರು ದಿನಚರಿಯಲ್ಲಿ ಬರೆಯುವ ಜಾಗ ಆ ರಾತ್ರಿ ಖಾಲಿ ಬಿಟ್ಟೆ.

ಮುಂದಿನ ಭಾನುವಾರ ಕಡೂರಿನ ನಮ್ಮ ಮನೆಯ ಮುಂದೆ, ಹೊಂಗೆಯ ನೆರಳಲ್ಲಿ, ಮೇಜು ಹಾಕಿದೆ. ಅನ್ವರ್ ಬಂದ. ಶೇಖರ ಬಂದ. ಯಾರೂ ಎಲೆ ಕಲಸಲಿಲ್ಲ. ನಾಲ್ಕನೆಯ ಕುರ್ಚಿಯನ್ನು ತೆಗೆಯಬೇಕೋ ಬಿಡಬೇಕೋ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಫೋನ್ ಮಾಡೋಣವೆಂದರೆ ಏನು ಹೇಳುವುದು?

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಹಾರನ್ನುಗಳ ಗಲಾಟೆ. ಒಂದು ದನ ಸಾಗಿಸುವ ಟೆಂಪೋ ಮದುವೆ ದಿಬ್ಬಣದಷ್ಟು ನಿಧಾನವಾಗಿ ಬರುತ್ತಿತ್ತು. ಹಿಂದೆ ಒಂದು ಬಸ್ಸು, ಎರಡು ಕಾರು, ಸಾಲುಗಟ್ಟಿ ಬೈಕು, ಎಲ್ಲವೂ ಕಿರುಚುತ್ತಿದ್ದವು. ಟೆಂಪೋದ ತುಂಬ ಮೊಣಕಾಲುದ್ದ ಹುಲ್ಲು. ಎರಡೂ ಬದಿಗೆ ಅಡ್ಡ ಕಟ್ಟಿದ ಬಿದಿರು. ನಡುವೆ, ತಲೆಗೆ ಟವೆಲ್ ಸುತ್ತಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ನೆಟ್ಟಗೆ ನಿಂತಿದ್ದವರು ಮಾವ!

ನಾವು ಮೂವರೂ ಒಟ್ಟಿಗೆ ಓಡಿದ ರಭಸಕ್ಕೆ ಮೇಜು ಉರುಳಿತು. ಬಿಲ್ಲೆಗಳು ಬೀದಿಪಾಲಾದವು.

"ಮೆತ್ತಗೆ ಕಣೋ, ಮೆತ್ತಗೆ!" ಎಂದು ಅವರು ಡ್ರೈವರನಿಗೆ ಮೇಲಿನಿಂದಲೇ ಕೂಗುತ್ತಿದ್ದರು. ನಮ್ಮನ್ನು ಕಂಡವರೇ, "ಕೂರ್ಬಾರ್ದು ಅಂದ್ರು ಡಾಕ್ಟ್ರು. ನಿಂತ್ಕೊಬಾರ್ದು ಅಂದ್ರಾ? ಅಜ್ಜಂಪುರದಿಂದ ಇಲ್ಲೀವರ್ಗೂ ನಿಂತೇ ಬಂದೆ! ಆ ಹಲಗೆ ಇಳಿಸ್ರೋ, ಏನ್ ಹಂಗೆ ನೋಡ್ತೀರಾ!" ಎಂದು ಗದರಿದರು.

ಅನ್ವರ್ ದನ ಇಳಿಸುವ ಹಲಗೆ ಎಳೆದು ಇಳಿಜಾರು ಹಾಕಿದ. ಗಲಾಟೆ ಕೇಳಿ ಪಕ್ಕದ ಮನೆಯ ಅಜ್ಜ ಹೊರಗೆ ಬಂದು, ಹುಲ್ಲನ್ನೂ ಬಿದಿರನ್ನೂ ನೋಡಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದರು:

"ಏನಪ್ಪಾ, ಎತ್ತು ತಂದ್ರಾ?"

ಮಾವ ಹಲಗೆಯ ಮೇಲೆ ಮೊದಲ ಹೆಜ್ಜೆ ಇಟ್ಟು, ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರು:

"ಹೂಂ ಕಣಣ್ಣಾ. ಆದ್ರೆ ಇದು ಮಾರಾಟಕ್ಕಲ್ಲ!"